ತಲೆ ಒದ್ದೆ, ದಿಂಬು ಒದ್ದೆ: ಮಕ್ಕಳ ಬೆವರಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬೆವರಿನ ಬಗ್ಗೇನೇ ಇದ್ವು, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಕೊಂಡು ಇದೊಂದನ್ನೇ ಎತ್ಕೊಂಡಿದೀನಿ. ಕೆಲವು ಪತ್ರಗಳಲ್ಲಿ ಗಾಬರಿ ಬೇಡದೇ ಇರೋ ಕಡೆ ತುಂಬಾ ಗಾಬರಿ ಇದೆ, ಒಂದೆರಡರಲ್ಲಿ ಗಾಬರಿ ಆಗ್ಬೇಕಾದ ಕಡೆ "ಸೆಕೆಗಿರ್ಬೇಕು" ಅಂತ ಬಿಟ್ಬಿಟ್ಟಿದಾರೆ. ಆ ಎರಡನೇ ಥರದ ಪತ್ರ ಓದಿದ ಮೇಲೆ ನಂಗೆ ಸಮಾಧಾನ ಇಲ್ಲ, ಅದಕ್ಕೇ ಸ್ವಲ್ಪ ಉದ್ದಾನೇ ಬರೀತಿದೀನಿ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಮೂರು ವರ್ಷ. ರಾತ್ರಿ ಮಲಗಿ ಅರ್ಧ ಗಂಟೆ ಆಗೋದ್ರೊಳಗೆ ತಲೆಗೂದಲೆಲ್ಲ ತೊಯ್ದು ಹೋಗಿರತ್ತೆ, ದಿಂಬಿನ ಮೇಲೆ ತಲೆ ಆಕಾರಕ್ಕೆ ಒದ್ದೆ ಗುರುತು ಬಿದ್ದಿರತ್ತೆ. ನಾವಿಬ್ರೂ ಅದೇ ರೂಮಲ್ಲಿ ಹೊದ್ಕೊಂಡು ಮಲಗಿರ್ತೀವಿ, ನಮಗೇನೂ ಸೆಕೆ ಅನ್ಸಲ್ಲ. ಬೆಳಗಿನ ಜಾವ ಮುಟ್ಟಿ ನೋಡಿದ್ರೆ ಒಣಗಿರತ್ತೆ. ಊಟ ತಿಂಡಿ ಆಟ ಎಲ್ಲ ಚೆನ್ನಾಗೇ ಇದೆ. ಮಗು ವೀಕ್ ಆಗಿದೆ ಅದಕ್ಕೇ ಹೀಗೆ ಅಂತ ನೋಡಿದವರೆಲ್ಲ ಹೇಳ್ತಾರೆ, ಹೌದಾ?

ಉತ್ತರ: ಅಲ್ಲ. ನೀವು ಬರೆದಿರೋದ್ರಲ್ಲೇ ಉತ್ತರ ಇದೆ: ಮಲಗಿದ ಕೂಡ್ಲೇ ಬೆವರೋದು, ತಲೆ ಮಾತ್ರ ಬೆವರೋದು, ಬೆಳಗಿನ ಜಾವಕ್ಕೆ ಒಣಗೋದು, ಹಗಲೆಲ್ಲ ಮಗು ಗೆಲುವಾಗಿರೋದು. ಈ ನಾಲ್ಕೂ ಒಟ್ಟಿಗೆ ಇದ್ರೆ ಅದು ಆರೋಗ್ಯವಾಗಿರೋ ಮಗುವಿನ ನಿದ್ದೆ.

ಯಾಕೆ ಅಂತ ಹೇಳ್ತೀನಿ. ಮೈಯೆಲ್ಲ ಬೆವರೋದಕ್ಕೆ ಬೇಕಾದ ಬೆವರಿನ ಗ್ರಂಥಿಗಳು ಒಬ್ಬ ಮನುಷ್ಯನಿಗೆ ಸುಮಾರು 20ರಿಂದ 40 ಲಕ್ಷ ಇರ್ತವೆ, ಇವೆಲ್ಲ ಹುಟ್ಟೋ ಮುಂಚೇನೇ ತಯಾರಾಗಿರ್ತವೆ, ಹುಟ್ಟಿದ ಮೇಲೆ ಹೊಸದು ಸೇರ್ಕೊಳಲ್ಲ. ಅಂದ್ರೆ ದೊಡ್ಡವರ ಮೈಮೇಲೆ ಹರಡಿಕೊಂಡಿರೋ ಅಷ್ಟೂ ಗ್ರಂಥಿಗಳು ಆ ಪುಟ್ಟ ಮೈಯ ಚರ್ಮದಲ್ಲೇ ಒತ್ತೊತ್ತಾಗಿ ಕೂತಿರ್ತವೆ. ಆದ್ರೆ ಒಂದೊಂದು ಗ್ರಂಥಿಯಿಂದ ಬರೋ ಬೆವರು ಮಕ್ಕಳಲ್ಲಿ ಕಮ್ಮಿ, ಗ್ರಂಥಿಗಳಿಗೆ ಪೂರ್ತಿ ಕಸುವು ಬರೋದು ಹರೆಯ ಬಂದ ಮೇಲೆ. ಓಡಾಡಿ ಆಡುವಾಗ ನೋಡಿ, ದೊಡ್ಡವರ ಶರ್ಟು ಬೆನ್ನಿಗೆ ಅಂಟ್ಕೊಂಡಿರತ್ತೆ, ಮಗು ಮಾತ್ರ ಮುಖ ಕೆಂಪಗೆ ಮಾಡ್ಕೊಂಡು ನಿಂತಿರತ್ತೆ, ಅದು ಚರ್ಮಕ್ಕೆ ರಕ್ತ ಜಾಸ್ತಿ ಹರಿಸಿ ಶಾಖ ಹೊರಗೆ ಹಾಕ್ತಿರತ್ತೆ. ಹಾಗಾಗಿ ಲೆಕ್ಕ ಹಾಕಿದ್ರೆ ಮಕ್ಕಳು ನಮಗಿಂತ ಜಾಸ್ತಿ ಬೆವರಲ್ಲ, ಬೆವರಿದ್ದು ಎದ್ದು ಕಾಣೋ ಜಾಗದಲ್ಲಿ ಬೆವರ್ತಾರೆ ಅಷ್ಟೆ.

ಆ ಜಾಗ ತಲೆ. ಹುಟ್ಟಿದ ಮಗುವಿನ ಮೈ ಚರ್ಮದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ತಲೆ ಮತ್ತೆ ಮುಖದ್ದೇ ಇರತ್ತೆ, ದೊಡ್ಡವರಲ್ಲಿ ಅದು ಹತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ. ಹಣೆಯಲ್ಲಿ ಗ್ರಂಥಿಗಳೂ ಜಾಸ್ತಿ, ಎಳೆ ಮಕ್ಕಳು ಮೊಟ್ಟಮೊದಲು ಬೆವರೋದೇ ಹಣೆ ಮೇಲೆ. ಜೊತೆಗೆ ಒಳಗಡೆ ಶಾಖ ಹುಟ್ಟೋದೂ ಜಾಸ್ತಿ, ತೂಕಕ್ಕೆ ತಕ್ಕ ಹಾಗೆ ನೋಡಿದ್ರೆ ಎಳೆ ಮಗುವಿನ ಮೈ ಸುಮ್ನೆ ಮಲಗಿದ್ರೂ ನಮಗಿಂತ ಸುಮಾರು ಎರಡರಷ್ಟು ಶಕ್ತಿ ಖರ್ಚು ಮಾಡತ್ತೆ, ನಿಮ್ಮ ಮಗನ ವಯಸ್ಸಲ್ಲಂತೂ ಸುಮ್ನಿರೋವಾಗ ಖರ್ಚಾಗೋ ಶಕ್ತಿಯಲ್ಲಿ ಅರ್ಧದ ಹತ್ತಿರ ಇಲ್ಲಾ ಅದಕ್ಕೂ ಜಾಸ್ತಿ ಮೆದುಳೊಂದಕ್ಕೇ ಹೋಗತ್ತೆ. ನಮ್ಮಲ್ಲಿ ಅದು ಐದನೇ ಒಂದು ಭಾಗ.

ಇನ್ನು ನಿದ್ದೆ. ನಿದ್ದೆಗೆ ಜಾರುವಾಗ ಮೈ ತನ್ನ ಶಾಖವನ್ನ ಸ್ವಲ್ಪ ಕೆಳಗಿಳಿಸ್ಕೊಳ್ಳತ್ತೆ, ಇಳಿಸ್ಬೇಕು ಅಂದ್ರೆ ಒಳಗಿರೋ ಬಿಸಿ ಹೊರಗೆ ಹೋಗ್ಬೇಕು, ಅದಕ್ಕೆ ಬೆವರು. ರಾತ್ರಿಯ ಮೊದಲ ಕೆಲವು ಗಂಟೆಯಲ್ಲೇ ಗಾಢ ನಿದ್ದೆ ಜಾಸ್ತಿ, ಮಕ್ಕಳಿಗೆ ಆ ಗಾಢ ನಿದ್ದೆ ನಮಗಿಂತ ತುಂಬಾ ಜಾಸ್ತಿ, ಬೆವರು ಹೆಚ್ಚು ಬರೋದೂ ಆ ಹೊತ್ತಲ್ಲೇ. ಬೆಳಗಿನ ಜಾವ ಕನಸಿನ ನಿದ್ದೆ ಜಾಸ್ತಿಯಾಗತ್ತೆ, ಬೆವರು ಕಮ್ಮಿಯಾಗತ್ತೆ. ನೀವು ಮುಟ್ಟಿ ನೋಡಿದಾಗ ತಲೆ ಒಣಗಿದ್ದಿದ್ದು ಇದಕ್ಕೇ.

ನೀವು ಮಾಡ್ಬೇಕಾಗಿರೋದು ತೆಳ್ಳಗಿನ ಹತ್ತಿ ಬಟ್ಟೆ, ಹಗುರ ಹೊದಿಕೆ, ಗಾಳಿ ಆಡೋ ರೂಮು, ಇಷ್ಟೇ. ಮಲಗಿರೋ ಮಗುನ ಎಬ್ಬಿಸಿ ತಲೆ ಒರೆಸೋದೆಲ್ಲ ಬೇಡ. ಡಾಕ್ಟರ ಹತ್ರ ಹೋಗ್ಬೇಕಾದ್ದು ಯಾವಾಗ ಅಂದ್ರೆ, ಬೆವರಿನ ಜೊತೆ ವಾರಗಟ್ಟಲೆ ಜ್ವರ ಬಂದು ಹೋಗ್ತಿದ್ರೆ, ತೂಕ ಇಳೀತಿದ್ರೆ, ಕೆಮ್ಮು ಬಿಡದೇ ಇದ್ರೆ, ಕುತ್ತಿಗೇಲಿ ಗಂಟು ಸಿಕ್ಕಿದ್ರೆ, ತಲೆ ಮಾತ್ರ ಅಲ್ಲದೆ ಇಡೀ ಮೈ ತೊಯ್ದು ರಾತ್ರಿ ಬಟ್ಟೆ ಬದಲಾಯಿಸೋ ಹಾಗೆ ಆಗ್ತಿದ್ರೆ. ಟಿಬಿ ಥರದ ಕಾಯಿಲೆ ಇದೆಯಾ ಅಂತ ಆಗ ನೋಡ್ಬೇಕಾಗತ್ತೆ. ಇನ್ನೊಂದು, ಮಗು ದಿನಾ ಬಾಯಿ ತೆರ್ಕೊಂಡು ಗೊರಕೆ ಹೊಡೀತಾ ಮಧ್ಯೆ ಉಸಿರು ನಿಂತ ಹಾಗಾಗಿ ಮತ್ತೆ ಏದುಸಿರು ಬಿಡೋ ಹಾಗಿದ್ರೆ ಮೂಗಿನ ಹಿಂದಿರೋ ಅಡಿನಾಯ್ಡ್ ಇಲ್ಲಾ ಟಾನ್ಸಿಲ್ ದಪ್ಪ ಆಗಿರಬಹುದು, ಉಸಿರಿಗೆ ಒದ್ದಾಡೋ ಮಗುನೂ ನಿದ್ದೇಲಿ ಬೆವರತ್ತೆ. ಫೋನಲ್ಲಿ ಒಂದು ನಿಮಿಷದ ವಿಡಿಯೋ ತಗೊಂಡು ಹೋಗಿ ತೋರ್ಸಿ, ನೀವು ಬಾಯಲ್ಲಿ ಹೇಳೋದಕ್ಕಿಂತ ಅದು ನಮಗೆ ಜಾಸ್ತಿ ಹೇಳತ್ತೆ.

ಪ್ರಶ್ನೆ: ನಮ್ ಪಾಪುಗೆ ಏಳು ವಾರ. ಹಾಲು ಕುಡಿಯೋಕೆ ಶುರು ಮಾಡಿ ಸ್ವಲ್ಪ ಹೊತ್ತಿಗೇ ಹಣೆ ಮೇಲೆ ಬೆವರು ಹನಿ ಹನಿ ಬರತ್ತೆ, ಫ್ಯಾನ್ ಹಾಕಿದ್ರೂ ಅಷ್ಟೇ. ಎರಡು ನಿಮಿಷ ಕುಡಿದು ಬಿಟ್ಬಿಡ್ತಾಳೆ, ಮತ್ತೆ ಹುಡುಕ್ತಾಳೆ, ಮತ್ತೆ ಬಿಡ್ತಾಳೆ, ಒಂದು ಸಲ ಕುಡಿಸೋದಕ್ಕೆ ಮುಕ್ಕಾಲು ಗಂಟೆ ಬೇಕು. ದೊಡ್ಡವನು ಹೀಗಿರಲಿಲ್ಲ. ಸೆಕೆಗೆ ಬಿಡು ಅಂತಾರೆ ಮನೇಲಿ. ತೂಕಾನೂ ಅಷ್ಟೇನೂ ಏರಿಲ್ಲ ಮೇಡಂ.

ಉತ್ತರ: ಅಮ್ಮಾ, ಈ ಸಂಚಿಕೆ ನಿಮ್ಮ ಕೈಗೆ ಬರೋ ಮುಂಚೇನೇ ಮಗುನ ಮಕ್ಕಳ ಡಾಕ್ಟರಿಗೆ ತೋರ್ಸಿರ್ತೀರಿ ಅಂದ್ಕೋತೀನಿ, ತೋರ್ಸಿಲ್ಲ ಅಂದ್ರೆ ಇವತ್ತೇ ಹೋಗಿ. ಹೆದರಿಸೋಕೆ ಹೇಳ್ತಿಲ್ಲ, ನೀವು ಬರೆದಿರೋದನ್ನ ನೋಡದೇ ಬಿಡೋ ಹಾಗಿಲ್ಲ.

ಹಾಲು ಕುಡೀವಾಗ ಬೆವರೋದೆಲ್ಲ ಕಾಯಿಲೆ ಅಲ್ಲ, ಇದನ್ನ ಬೇರೆ ತಾಯಂದಿರಿಗೋಸ್ಕರ ಹೇಳ್ತೀನಿ. ಮಗು ನಿಮ್ಮ ಮೈಗೆ ಅಂಟ್ಕೊಂಡಿರತ್ತೆ, ತಲೆ ನಿಮ್ಮ ಮೊಣಕೈ ಮಡಿಕೇಲಿ ಬಿಸಿಯಾಗಿ ಕೂತಿರತ್ತೆ, ಬಾಯಿ ದವಡೆ ನಾಲಿಗೆ ಎಲ್ಲ ಒಂದೇ ಸಮ ಕೆಲಸ ಮಾಡ್ತಿರತ್ತೆ. ಕೈಗೆ ತಾಗಿದ ಕಡೆ ತಲೆ ಒದ್ದೆ ಆಗೋದು ತುಂಬಾ ಸಾಮಾನ್ಯ. ಅಂಥ ಮಗು ಗುಟುಕು ಗುಟುಕಾಗಿ ಕುಡಿದು, ಇಪ್ಪತ್ತು ಮೂವತ್ತು ನಿಮಿಷದೊಳಗೆ ಹೊಟ್ಟೆ ತುಂಬಿ ಕೈ ಸಡಿಲ ಬಿಟ್ಟು ಮಲಗತ್ತೆ, ತೂಕ ಏರ್ತಿರತ್ತೆ. ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರ್ಬೇಕು. ಏರ್ತಿದ್ರೆ ತಲೆ ಒರೆಸಿ ಸುಮ್ನಾಗಿ.

ಆದ್ರೆ ನಿಮ್ಮ ಮಗು ಹಾಗಿಲ್ಲ. ಅಷ್ಟು ಚಿಕ್ಕ ಮಗುವಿಗೆ ಹಾಲು ಕುಡಿಯೋದೇ ದಿನದ ದೊಡ್ಡ ಶ್ರಮ, ನಮಗೆ ಮೆಟ್ಟಿಲು ಹತ್ತಿದ ಹಾಗೆ. ಹೃದಯಕ್ಕೆ ತೊಂದರೆ ಇದ್ರೆ ಅದು ಕಾಣೋದು ಈ ಶ್ರಮದಲ್ಲೇ: ಸ್ವಲ್ಪ ಕುಡಿದು ಸುಸ್ತಾಗಿ ಬಿಡೋದು, ಉಸಿರು ತಗೊಂಡು ಮತ್ತೆ ಹಸಿವಿಗೆ ಹುಡುಕೋದು, ಹಣೆ ಮೇಲೆ ತಣ್ಣನೆ ಬೆವರು. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೇಲಿ ತೂತು ಇರತ್ತೆ. ಹುಟ್ಟಿದ ಮೊದಮೊದಲು ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರೋದ್ರಿಂದ ತೂತಿನ ಮೂಲಕ ರಕ್ತ ಅಷ್ಟಾಗಿ ನುಗ್ಗಲ್ಲ, ಮಗು ಚೆನ್ನಾಗೇ ಕಾಣತ್ತೆ, ಆಸ್ಪತ್ರೆಯಿಂದ ಮನೆಗೂ ಕಳಿಸಿರ್ತಾರೆ. ವಾರ ಕಳೆದ ಹಾಗೆ ಆ ಬಿಗಿ ಸಡಿಲ ಆಗತ್ತೆ, ಆಗ ಎಡಗಡೆಯಿಂದ ರಕ್ತ ಶ್ವಾಸಕೋಶದ ಕಡೆ ಜಾಸ್ತಿ ನುಗ್ಗತ್ತೆ, ಹೃದಯ ಎರಡು ಪಾಲು ದುಡೀಬೇಕಾಗತ್ತೆ. ತೂತು ದೊಡ್ಡದಿದ್ರೆ ಸಾಮಾನ್ಯವಾಗಿ ಒಂದು ಎರಡು ತಿಂಗಳ ವಯಸ್ಸಲ್ಲಿ ಈ ಲಕ್ಷಣಗಳು ಹೊರಗೆ ಬರ್ತವೆ. ಏಳು ವಾರ ಅಂತ ನೀವು ಬರೆದಿದ್ದು ಓದಿ ನಂಗೆ ಕಳವಳ ಆಗಿದ್ದು ಅದಕ್ಕೇ.

ಡಾಕ್ಟರ ಹತ್ರ ಹೋಗೋ ಮುಂಚೆ ಒಂದು ಕೆಲಸ ಮಾಡಿ. ಮಗು ಮಲಗಿರುವಾಗ ಅಂಗಿ ಎತ್ತಿ ಹೊಟ್ಟೆ ನೋಡಿ, ಗಡಿಯಾರ ಇಟ್ಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡ್ಬೇಡಿ, ಎಳೆ ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಎರಡು ತಿಂಗಳ ಒಳಗಿನ ಮಗುವಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಜಾಸ್ತಿ ಇದ್ರೆ ಅದು ಜೋರು ಉಸಿರು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಸೆಳೆದುಕೊಳ್ಳತ್ತಾ ನೋಡಿ. ತುಟಿ ನಾಲಿಗೆ ನೀಲಿಯಾದ್ರೆ, ಮಗು ಮಂಕಾಗಿ ಹಾಲೇ ಬಿಟ್ರೆ, ಎಣಿಸ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಈ ವಯಸ್ಸಲ್ಲಿ, ಅಂದ್ರೆ ಮೂರು ತಿಂಗಳ ಒಳಗೆ, 38 ಡಿಗ್ರಿ ಸೆಲ್ಸಿಯಸ್ ಅಂದ್ರೆ 100.4 ಫ್ಯಾರನ್‌ಹೀಟ್ ಜ್ವರ ಬಂದ್ರೂ ಅದೇ ದಿನ ತೋರ್ಸ್ಬೇಕು.

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳ್ತಾರೆ, ಅನುಮಾನ ಬಂದ್ರೆ ಎಕೋ ಮಾಡಿಸ್ತಾರೆ, ಅದು ಹೊಟ್ಟೆ ಸ್ಕ್ಯಾನಿಂಗ್ ಥರದ್ದೇ, ಮಗುವಿಗೆ ನೋವಿಲ್ಲ. ಸಣ್ಣ ತೂತುಗಳು ಎಷ್ಟೋ ಸಲ ತಾವೇ ಮುಚ್ಕೋತವೆ, ದೊಡ್ಡದಕ್ಕೆ ಔಷಧಿ ಇದೆ, ಬೇಕಾದ್ರೆ ಆಪರೇಷನ್ ಇದೆ, ಸರಿಯಾದ ಹೊತ್ತಿಗೆ ಮಾಡಿದ್ರೆ ಆ ಮಕ್ಕಳು ಎಲ್ಲರ ಹಾಗೆ ಓಡಾಡ್ಕೊಂಡು ಬೆಳೀತಾರೆ. ಪರೀಕ್ಷೆ ಮಾಡಿ ಏನೂ ಇಲ್ಲ ಅಂದ್ರೆ ಇನ್ನೂ ಒಳ್ಳೇದು, ಹೋಗಿದ್ದು ದಂಡ ಅಂತ ಯಾರಾದ್ರೂ ಅಂದ್ರೆ ತಲೆ ಕೆಡಿಸ್ಕೋಬೇಡಿ. ದೊಡ್ಡವನು ಹೀಗಿರಲಿಲ್ಲ ಅಂತ ಗಮನಿಸಿದ್ದೀರಲ್ಲ, ತಾಯಿಯ ಆ ಮಾತನ್ನ ನಾವು ಡಾಕ್ಟರುಗಳು ತುಂಬಾ ಗಂಭೀರವಾಗಿ ತಗೋತೀವಿ.

ಪ್ರಶ್ನೆ: ಮೂರು ತಿಂಗಳ ಮೊಮ್ಮಗು. ಕೈಕಾಲು ಮುಟ್ಟಿದ್ರೆ ತಣ್ಣಗಿರತ್ತೆ, ಅದಕ್ಕೆ ನಾನು ಟೋಪಿ, ಕಾಲುಚೀಲ ಹಾಕಿ ಕಂಬಳಿ ಸುತ್ತಿ ಮಲಗಿಸ್ತೀನಿ. ಸೊಸೆ ಕುತ್ತಿಗೆ ಬೆವರ್ತಿದೆ ಅಂತ ಎಲ್ಲ ಬಿಚ್ಚಿಬಿಡ್ತಾಳೆ. ಯಾರು ಸರಿ ನೀವೇ ಹೇಳಿ.

ಉತ್ತರ: ನಿಮ್ಮ ಕಾಳಜಿ ಅರ್ಥ ಆಗತ್ತೆ ಅಮ್ಮ, ಆದ್ರೆ ಈ ವಿಷಯದಲ್ಲಿ ಸೊಸೆ ಸರಿ. ಎಳೆ ಮಕ್ಕಳ ಕೈಕಾಲಿಗೆ ರಕ್ತ ಓಡಾಟ ಇನ್ನೂ ಪಳಗಿರಲ್ಲ, ಒಳಗಿನ ಅಂಗಗಳಿಗೆ ಮೊದಲು ರಕ್ತ ಹೋಗತ್ತೆ, ಹಾಗಾಗಿ ಮೈ ಬಿಸಿಯಿದ್ರೂ ಅಂಗೈ ಅಂಗಾಲು ತಣ್ಣಗಿರತ್ತೆ. ಅಂಗಾಲು ನೋಡಿ ಬಟ್ಟೆ ಹಾಕಿದ್ರೆ ಯಾವಾಗ್ಲೂ ಜಾಸ್ತಿನೇ ಹಾಕ್ತೀವಿ. ಕೈ ಬೆಚ್ಚಗೆ ಮಾಡ್ಕೊಂಡು ಎರಡು ಬೆರಳನ್ನ ಕುತ್ತಿಗೆ ಹಿಂಭಾಗದಲ್ಲಿ, ಅಂಗಿಯ ಒಳಗೆ ತೂರ್ಸಿ ನೋಡಿ, ಇಲ್ಲಾ ಎದೆ ಮೇಲೆ ಇಡಿ. ಬೆಚ್ಚಗೆ, ಒಣಗಿದ್ರೆ ಸರಿಯಾಗಿದೆ. ಜಿಗುಟಾಗಿ ಒದ್ದೆಯಿದ್ರೆ ಒಂದು ಪದರ ತೆಗೀರಿ.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಒಂದು ವರ್ಷದೊಳಗಿನ ಮಕ್ಕಳು ಯಾವ ಕಾಯಿಲೆನೂ ಇಲ್ಲದೆ ನಿದ್ದೇಲೇ ತೀರಿಕೊಳ್ಳೋದುಂಟು, ಅಪರೂಪ, ಆದ್ರೆ ಉಂಟು. ಅದಕ್ಕೆ ದಾರಿ ಮಾಡೋ ವಿಷಯಗಳಲ್ಲಿ ಬೋರಲು ಮಲಗಿಸೋದು, ತಲೆ ಮುಚ್ಚಿ ಹೋಗೋದು, ಮೈ ಅತಿಯಾಗಿ ಬಿಸಿಯಾಗೋದು ಇವೆಲ್ಲ ಸೇರ್ಕೊಂಡಿವೆ. ಮಗುವಿನ ಮೈಯಿಂದ ಶಾಖ ಹೊರಗೆ ಹೋಗೋ ದೊಡ್ಡ ದಾರೀನೇ ತಲೆ, ಟೋಪಿ ಹಾಕಿ ಮಲಗಿಸಿದ್ರೆ ಆ ದಾರಿ ಮುಚ್ಚಿದ ಹಾಗಾಯ್ತು. ಹುಟ್ಟಿದ ತಕ್ಷಣ ಆಸ್ಪತ್ರೇಲಿ ಟೋಪಿ ಹಾಕೋದು ನಿಜ, ಆಗ ಮಗು ಒದ್ದೆಯಾಗಿರತ್ತೆ, ನಮ್ಮ ಹಾಗೆ ನಡುಗಿ ಶಾಖ ಮಾಡ್ಕೊಳ್ಳೋಕೂ ಬರಲ್ಲ. ತಿಂಗಳು ತುಂಬದೆ ಹುಟ್ಟಿದ, ತೂಕ ಕಮ್ಮಿ ಇರೋ ಮಕ್ಕಳ ಲೆಕ್ಕಾನೂ ಬೇರೆ, ಅವರಿಗೆ ಡಾಕ್ಟರು ಹೇಳಿದ ಹಾಗೆ ಮಾಡಿ. ಆದ್ರೆ ತಿಂಗಳು ತುಂಬಿ ಹುಟ್ಟಿ ಚೆನ್ನಾಗಿ ಬೆಳೀತಿರೋ ಮೂರು ತಿಂಗಳ ಮಗುವಿಗೆ ಮನೆಯೊಳಗೆ ಮಲಗೋವಾಗ ಟೋಪಿ ಬೇಡ, ಸಡಿಲ ಕಂಬಳಿ ಬೇಡ, ದಿಂಬೂ ಬೇಡ. ಅಂಗಾತ ಮಲಗಿಸಿ. ನೀವು ಎಷ್ಟು ಬಟ್ಟೆ ಹಾಕ್ಕೊಂಡಿದ್ದೀರೋ ಅದರ ಮೇಲೆ ಒಂದು ತೆಳ್ಳಗಿನ ಪದರ ಜಾಸ್ತಿ ಸಾಕು, ಸೆಕೆ ಇದ್ರೆ ಅದೂ ಬೇಡ.

ಪ್ರಶ್ನೆ: ನಾಲ್ಕು ತಿಂಗಳ ಮಗು ಇಷ್ಟು ಬೆವರ್ತಿದೆ, ಮೈಯಲ್ಲಿ ನೀರೆಲ್ಲ ಹೋಗ್ಬಿಡಲ್ವಾ, ಚಮಚದಲ್ಲಿ ನೀರು ಕುಡಿಸ್ಬಹುದಾ?

ಉತ್ತರ: ಬೇಡ. ತಾಯಿ ಹಾಲಲ್ಲಿ ನೂರಕ್ಕೆ 87-88 ಭಾಗ ನೀರೇ ಇರೋದು, ಆರು ತಿಂಗಳವರೆಗೆ ಎಂಥಾ ಸೆಕೇಲೂ ಅದೇ ಸಾಕು. ಪದೇಪದೇ ಕುಡಿಸಿ. ಬರೀ ನೀರು ಕೊಟ್ರೆ ಹೊಟ್ಟೆ ತುಂಬಿ ಹಾಲು ಕಮ್ಮಿ ಕುಡಿಯತ್ತೆ, ಜಾಸ್ತಿ ಕೊಟ್ರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರೋ ಅಪಾಯಾನೂ ಇದೆ, ಆ ವಯಸ್ಸಿನ ಕಿಡ್ನಿಗೆ ಹೆಚ್ಚಿನ ನೀರನ್ನ ಬೇಗ ಹೊರಗೆ ಹಾಕೋಕೆ ಬರಲ್ಲ. ಡಬ್ಬಿ ಹಾಲು ಕುಡಿಯೋ ಮಗು ಆದ್ರೆ ಡಬ್ಬಿ ಮೇಲೆ ಬರೆದಿರೋ ಅಳತೆಗೇ ಕಲಸಿ, ಸೆಕೆ ಅಂತ ತೆಳ್ಳಗೆ ಮಾಡ್ಬೇಡಿ. ದಿನಕ್ಕೆ ಆರು ಸಲ ಅಥವಾ ಜಾಸ್ತಿ ಚೆನ್ನಾಗಿ ಉಚ್ಚೆ ಹೊಯ್ತಿದ್ರೆ ನೀರು ಸಾಕಾಗ್ತಿದೆ ಅಂತರ್ಥ. ಉಚ್ಚೆ ಕಮ್ಮಿಯಾಗಿ, ನೆತ್ತಿ ಒಳಗೆ ಕುಸಿದು, ಬಾಯಿ ಒಣಗಿ, ಮಗು ಮಂಕಾದ್ರೆ ತಡ ಮಾಡ್ಬೇಡಿ.

ಪ್ರಶ್ನೆ: ಬೆವರಿ ಬೆವರಿ ಮಗಳ ಕುತ್ತಿಗೆ, ಬೆನ್ನೆಲ್ಲ ಬೆವರುಸಾಲೆ. ಎಂಟು ತಿಂಗಳು. ದಿನಕ್ಕೆ ಮೂರು ಸಲ ಪೌಡರ್ ಹಾಕ್ತಿದೀನಿ, ಕಮ್ಮಿನೇ ಆಗ್ತಿಲ್ಲ.

ಉತ್ತರ: ಪೌಡರ್ ನಿಲ್ಲಿಸಿ, ಕಮ್ಮಿಯಾಗತ್ತೆ. ಬೆವರಿನ ಕೊಳವೆಗಳು ಬಾಯಿ ಕಟ್ಕೊಂಡು ಬೆವರು ಚರ್ಮದ ಒಳಗೇ ಸಿಕ್ಕಿಹಾಕ್ಕೊಂಡಾಗ ಬರೋದು ಬೆವರುಸಾಲೆ. ಎಳೆ ಮಕ್ಕಳ ಕೊಳವೆಗಳು ಇನ್ನೂ ಪೂರ್ತಿ ಬಲಿತಿರಲ್ಲ, ಸುಲಭವಾಗಿ ಕಟ್ಕೋತವೆ. ಮೇಲ್ಪದರದಲ್ಲೇ ಕಟ್ಕೊಂಡ್ರೆ ನೀರಿನ ಹನಿ ಹಾಗೆ ಪಾರದರ್ಶಕ ಗುಳ್ಳೆ, ಸ್ವಲ್ಪ ಕೆಳಗೆ ಕಟ್ಕೊಂಡ್ರೆ ಕೆಂಪಾಗಿ ಚುಚ್ಚೋ ಥರದ್ದು, ನಿಮ್ಮ ಮಗಳದ್ದು ಎರಡನೇದಿರಬೇಕು. ಅದರ ಮೇಲೆ ಪೌಡರ್ ಸುರಿದ್ರೆ ಬೆವರಿನ ಜೊತೆ ಕಲಸಿಕೊಂಡು ಕುತ್ತಿಗೆ ಮಡಿಕೇಲಿ ಬಿಳಿ ಗೆರೆ ಗೆರೆಯಾಗಿ ಗಟ್ಟಿಯಾಗತ್ತೆ, ಕೊಳವೆ ಇನ್ನಷ್ಟು ಮುಚ್ಕೊಳ್ಳತ್ತೆ. ಅದಕ್ಕಿಂತ ಮುಖ್ಯವಾಗಿ ಹಾರೋ ಪೌಡರ್ ಮಗು ಉಸಿರಿನ ಜೊತೆ ಒಳಗೆ ಹೋಗತ್ತೆ, ಶ್ವಾಸಕೋಶಕ್ಕೆ ಅದು ಒಳ್ಳೇದಲ್ಲ, ಯಾವ ಮಗುವಿಗೂ ಪೌಡರ್ ಬೇಕಾಗೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆದು, ಕುತ್ತಿಗೆ ಮಡಿಕೆ ಬಿಡಿಸಿ, ಉಜ್ಜದೆ ಮೆತ್ತಗೆ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಬರೀ ಮೈಯಲ್ಲಿ ಗಾಳಿಗೆ ಬಿಡಿ. ದಪ್ಪ ಎಣ್ಣೆ, ಜಿಡ್ಡು ಕ್ರೀಂ ಕೆಲವು ದಿನ ಬಿಟ್ಬಿಡಿ. ಬಿಸಿ ತಪ್ಪಿದ್ರೆ ಕೆಲವೇ ದಿನಗಳಲ್ಲಿ ತಾನಾಗೇ ಹೋಗತ್ತೆ. ಕೀವು ಕಟ್ಟಿದ್ರೆ, ಜ್ವರ ಬಂದ್ರೆ ತೋರ್ಸಿ.

ಪ್ರಶ್ನೆ: ತಲೆ ಬೆವರಿದ್ರೆ ಕ್ಯಾಲ್ಸಿಯಂ ಕಮ್ಮಿ, ವಿಟಮಿನ್ ಡಿ ಕಮ್ಮಿ ಅಂತ ಓದಿದೆ, ನಾವೇ ಡ್ರಾಪ್ಸ್ ತಂದು ಜಾಸ್ತಿ ಜಾಸ್ತಿ ಕೊಡ್ತಿದೀವಿ. ಪರವಾಗಿಲ್ವಾ?

ಉತ್ತರ: ಜಾಸ್ತಿ ಕೊಡೋದನ್ನ ಇವತ್ತೇ ನಿಲ್ಲಿಸಿ, ಎಷ್ಟು ಕೊಟ್ಟಿದ್ದೀರಿ ಅಂತ ಬರ್ಕೊಂಡು ಡಾಕ್ಟರಿಗೆ ಹೇಳಿ. ವಿಟಮಿನ್ ಡಿ ಮೈಯಲ್ಲಿ ಕೂಡಿ ಕೂಡಿ ನಿಲ್ಲತ್ತೆ, ಅತಿಯಾದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಗೆ ತೊಂದರೆ ಎಲ್ಲ ಆಗತ್ತೆ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ರಿಕೆಟ್ಸ್ ಅನ್ನೋ ಮೂಳೆ ಮೆದುವಾಗೋ ಕಾಯಿಲೆಯಲ್ಲಿ ತಲೆ ಬೆವರತ್ತೆ ಅಂತ ಹಿಂದಿನಿಂದಲೂ ಹೇಳ್ತಾರೆ. ಆದ್ರೆ ತಲೆ ಬೆವರೋ ಮಕ್ಕಳಲ್ಲಿ ಬಹುಪಾಲು ಜನಕ್ಕೆ ರಿಕೆಟ್ಸ್ ಇರಲ್ಲ, ಬೆವರೊಂದನ್ನೇ ನೋಡಿ ಅದನ್ನ ತೀರ್ಮಾನ ಮಾಡೋಕಾಗಲ್ಲ. ಮಣಿಕಟ್ಟು ದಪ್ಪ ಆಗೋದು, ನಿಂತಾಗ ಕಾಲು ಬಿಲ್ಲಿನ ಹಾಗೆ ಬಾಗೋದು, ಹಲ್ಲು ಬರೋದು ನಡೆಯೋದು ತಡ ಆಗೋದು, ಇವನ್ನ ನೋಡ್ಬೇಕು. ತಾಯಿ ಹಾಲಲ್ಲಿ ಬೇರೆಲ್ಲ ಇದ್ರೂ ವಿಟಮಿನ್ ಡಿ ಕಮ್ಮಿ, ಹಾಗಾಗಿ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಕೊಡೋಕೆ ನಾವೇ ಹೇಳ್ತೀವಿ. ಅದು ಬೆವರೋ ಮಗುವಿಗೂ ಅಷ್ಟೇ, ಬೆವರದ ಮಗುವಿಗೂ ಅಷ್ಟೇ. ಡ್ರಾಪ್ಸ್ ಕಂಪನಿಯಿಂದ ಕಂಪನಿಗೆ ಗಟ್ಟಿತನ ಬೇರೆ ಇರತ್ತೆ, ಎಷ್ಟು ಹನಿ ಅಂತ ಬಾಟ್ಲಿ ನೋಡಿ ಡಾಕ್ಟರ ಹತ್ರ ಖಚಿತ ಮಾಡ್ಕೊಳ್ಳಿ.

ಪ್ರಶ್ನೆ: ಮಗೂಗೆ ಮುತ್ತು ಕೊಟ್ರೆ ತುಂಬಾ ಉಪ್ಪುಪ್ಪು. ಇದೂ ಒಂದು ಕಾಯಿಲೆ ಅಂತ ಕೇಳಿದೆ, ನಿಜಾನಾ?

ಉತ್ತರ: ಬೆವರು ಯಾರದ್ದಾದ್ರೂ ಉಪ್ಪೇ, ಆಡಿ ಬಂದ ಮಗುವಿನ ಕೆನ್ನೆ ಉಪ್ಪಾಗಿರತ್ತೆ. ಕಾಯಿಲೆ ಅನ್ನೋದೂ ನಿಜ, ಅಪರೂಪದ್ದು, ಅದರ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಬೆವರು ಗ್ರಂಥಿಯ ಬುಡದಲ್ಲಿ ಹುಟ್ಟೋವಾಗ ತುಂಬಾ ಉಪ್ಪಾಗಿರತ್ತೆ, ಕೊಳವೇಲಿ ಮೇಲೆ ಬರೋವಾಗ ಮೈ ಆ ಉಪ್ಪನ್ನ ವಾಪಸ್ ಹೀರ್ಕೊಳ್ಳತ್ತೆ. ಈ ಕಾಯಿಲೆಯಲ್ಲಿ ಹೀರ್ಕೊಳ್ಳೋ ಬಾಗಿಲೇ ಕೆಟ್ಟಿರತ್ತೆ, ಉಪ್ಪೆಲ್ಲ ಹೊರಗೆ ಬಂದು ಕೆಲವು ಸಲ ಹಣೆ ಮೇಲೆ ಬಿಳೀ ಪುಡಿ ಥರ ಒಣಗಿರತ್ತೆ.

ಇದು ಗೊತ್ತಾಗಿದ್ದೂ ಬೆವರಿನಿಂದಲೇ. 1948ರ ಬೇಸಿಗೇಲಿ ನ್ಯೂಯಾರ್ಕ್‌ನಲ್ಲಿ ಭಾರಿ ಬಿಸಿಗಾಳಿ ಬಂದಾಗ ಸೆಕೆಗೆ ಕುಸಿದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವರೇ ಜಾಸ್ತಿ ಇದ್ದಿದ್ದನ್ನ ಪಾಲ್ ಡಿ ಸಾಂಟ್ ಆಗ್ನೀಸ್ ಅನ್ನೋ ಡಾಕ್ಟರು ಗಮನಿಸಿದ್ರು, ಮುಂದೆ 1953ರಲ್ಲಿ ಅವರೂ ಜೊತೆಯವರೂ ಈ ಮಕ್ಕಳ ಬೆವರಲ್ಲಿ ಉಪ್ಪು ಅತಿಯಾಗಿರತ್ತೆ ಅಂತ ತೋರಿಸಿದ್ರು. ಈಗಲೂ ಕಾಯಿಲೆ ಹಿಡಿಯೋದು ಬೆವರಿನ ಪರೀಕ್ಷೆಯಿಂದಲೇ, ತೋಳಿಗೆ ಔಷಧಿ ಹಚ್ಚಿ ತೀರಾ ಸಣ್ಣ ಕರೆಂಟ್ ಕೊಟ್ಟು ಬೆವರು ಬರಿಸಿ ಅದರಲ್ಲಿ ಕ್ಲೋರೈಡ್ ಅಳೀತಾರೆ, ಲೀಟರಿಗೆ 60 ಮಿಲಿಮೋಲ್ ಅಥವಾ ಜಾಸ್ತಿ ಬಂದ್ರೆ ಕಾಯಿಲೆ ಇರೋ ಸಾಧ್ಯತೆ ತುಂಬಾ ಹೆಚ್ಚು. ಸುಮ್ಸುಮ್ನೆ ಮಾಡಿಸೋ ಪರೀಕ್ಷೆ ಅಲ್ಲ. ನಿಮ್ಮ ಮಗೂಗೆ ಪದೇಪದೇ ನ್ಯುಮೋನಿಯಾ, ಬಿಡದ ಕೆಮ್ಮು, ಎಷ್ಟು ತಿಂದ್ರೂ ಏರದ ತೂಕ, ಜಿಡ್ಡು ಜಿಡ್ಡಾಗಿ ತುಂಬಾ ವಾಸನೆಯ ಕಕ್ಕ, ಇವುಗಳಲ್ಲಿ ಯಾವುದಾದ್ರೂ ಇದ್ರೆ ಕೇಳಿ ಮಾಡಿಸಿ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು. ಅಂಗೈ ಎಷ್ಟು ಬೆವರತ್ತೆ ಅಂದ್ರೆ ಪರೀಕ್ಷೆ ಬರೀವಾಗ ಪೇಪರ್ ಒದ್ದೆಯಾಗಿ ಹರಿದೇ ಹೋಗತ್ತೆ. ಮಕ್ಕಳು ಅವಳ ಕೈ ಹಿಡ್ಕೊಳಲ್ಲ ಅಂತ ಅಳ್ತಾಳೆ. ಇವರಪ್ಪಂಗೂ ಹೀಗೇ ಇತ್ತಂತೆ.

ಉತ್ತರ: ಪಾಪ ಮಗು. ಅವಳು ಬೇಕಂತ ಮಾಡ್ತಿಲ್ಲ, ಗಲೀಜೂ ಅಲ್ಲ ಅನ್ನೋದನ್ನ ಮೊದಲು ಅವಳಿಗೆ ಹೇಳಿ, ಟೀಚರಿಗೂ ಹೇಳಿ. ಅಂಗೈ ಅಂಗಾಲಿನ ಗ್ರಂಥಿಗಳು ಸೆಕೆಗಿಂತ ಮನಸ್ಸಿನ ಒತ್ತಡಕ್ಕೆ ಜಾಸ್ತಿ ಓಗೊಡ್ತವೆ, ತಿಂಗಳು ತುಂಬಿ ಹುಟ್ಟಿದ ಮಗು ನೋವಾಗಿ ಅತ್ತಾಗ ಕೂಡ ಅಂಗೈ ಬೆವರತ್ತೆ. ಕೆಲವರಲ್ಲಿ ಈ ಗ್ರಂಥಿಗಳಿಗೆ ಹೋಗೋ ನರಗಳು ಬೇಕಾದ್ದಕ್ಕಿಂತ ಚುರುಕು, ಮನೆತನದಲ್ಲಿ ಹರಿದು ಬರತ್ತೆ. ನಿದ್ದೇಲಿ ಅಂಗೈ ಮುಟ್ಟಿ ನೋಡಿ, ಒಣಗಿದ್ರೆ ಇದೇ.

ಬರೀವಾಗ ಕೈ ಕೆಳಗೆ ಮಡಿಸಿದ ಹತ್ತಿ ಕರ್ಚೀಫ್ ಇಟ್ಕೊಳ್ಳೋಕೆ ಶಾಲೇಲಿ ಅನುಮತಿ ಕೇಳಿ. ಚರ್ಮದ ಡಾಕ್ಟರು ರಾತ್ರಿ ಹಚ್ಚೋಕೆ ಅಲ್ಯೂಮಿನಿಯಂ ಕ್ಲೋರೈಡ್ ಇರೋ ಲೋಶನ್ ಕೊಡ್ತಾರೆ, ಅದಕ್ಕೆ ಬಗ್ಗಲಿಲ್ಲ ಅಂದ್ರೆ ನೀರಲ್ಲಿ ಕೈ ಇಟ್ಟು ಸಣ್ಣ ಕರೆಂಟ್ ಹಾಯಿಸೋ ಚಿಕಿತ್ಸೆ ಇದೆ. ದೊಡ್ಡವಳಾದ ಮೇಲೆ ಸರಿಹೋಗತ್ತೆ ಅಂತ ಕಾಯಿಸ್ಬೇಡಿ, ಅವಳು ಅಳ್ತಿರೋದು ಈಗ.

ಪ್ರಶ್ನೆ: ಎಲ್ಲರೂ ಬೆವರತ್ತೆ ಅಂತ ಕೇಳ್ತಾರೆ, ನಮ್ಮ ಒಂದೂವರೆ ವರ್ಷದ ಹುಡುಗ ಬೆವರೋದೇ ಇಲ್ಲ. ಎಷ್ಟು ಸೆಕೆ ಇದ್ರೂ ಮೈ ಒಣಕಲು. ಸೆಕೆಗಾಲ ಬಂತು ಅಂದ್ರೆ ಸುಮ್ಸುಮ್ನೆ ಜ್ವರ. ಕೂದ್ಲು ತೆಳು, ಹಲ್ಲು ಎರಡೇ ಬಂದಿದೆ, ಅದೂ ಚೂಪಾಗಿ.

ಉತ್ತರ: ಇದನ್ನ ಬರೆದು ಒಳ್ಳೇದು ಮಾಡಿದ್ರಿ. ಹಾಲು ಕುಡೀವಾಗ ಸುಸ್ತಾಗೋ ಪಾಪುವಿನ ಪತ್ರ ಬಿಟ್ರೆ ಬೇಗ ಡಾಕ್ಟರ ಹತ್ರ ಹೋಗ್ಬೇಕಾಗಿರೋದು ನೀವು. ಬೆವರಿನ ಗ್ರಂಥಿ, ಕೂದಲು, ಹಲ್ಲು ಮೂರೂ ಭ್ರೂಣದ ಹೊರಪದರದಿಂದಲೇ ಬೆಳೆಯೋದು, ಆ ಪದರದ ಬೆಳವಣಿಗೆಯಲ್ಲಿ ಹುಟ್ಟಿನಿಂದಲೇ ಕೊರತೆ ಇದ್ರೆ ಮೂರರಲ್ಲೂ ಕಾಣತ್ತೆ. ಗ್ರಂಥಿಗಳೇ ಕಮ್ಮಿ ಇದ್ರೆ ಶಾಖ ಹೊರಗೆ ಹೋಗೋಕೆ ದಾರಿ ಇಲ್ಲ, ನೀವು ಜ್ವರ ಅಂದ್ಕೊಂಡಿರೋದು ಎಷ್ಟೋ ಸಲ ಜ್ವರ ಆಗಿರಲ್ಲ, ಹೊರಗಿನ ಬಿಸಿಗೆ ಮೈ ಕಾದಿರತ್ತೆ. ಅಂಥ ಬಿಸಿಗೆ ಪ್ಯಾರಸಿಟಮಾಲ್ ಕೆಲಸ ಮಾಡಲ್ಲ, ಮೈ ತಣ್ಣಗೆ ಮಾಡಿದ್ರೆ ಮಾತ್ರ ಇಳಿಯತ್ತೆ. ಕೆಲವು ಔಷಧಿಗಳೂ ಬೆವರನ್ನ ಕಮ್ಮಿ ಮಾಡ್ತವೆ, ಫಿಟ್ಸಿಗೆ ಕೊಡೋ ಟೋಪಿರಾಮೇಟ್ ಥರದ್ದು, ಹಾಗಾಗಿ ಮಗು ಏನಾದ್ರೂ ಔಷಧಿ ತಗೋತಿದ್ರೆ ಚೀಟಿ ಜೊತೆಗಿಟ್ಕೊಂಡು ಹೋಗಿ.

ತೋರಿಸೋವರೆಗೂ ಬಿಸಿಲ ಹೊತ್ತಲ್ಲಿ ಹೊರಗೆ ಕರ್ಕೊಂಡು ಹೋಗ್ಬೇಡಿ, ನಿಂತ ಕಾರೊಳಗೆ ಒಂದು ನಿಮಿಷಾನೂ ಬಿಡ್ಬೇಡಿ, ಈ ಮಾತು ಎಲ್ಲ ಮಕ್ಕಳಿಗೂ ಅನ್ವಯಿಸತ್ತೆ, ಮುಚ್ಚಿದ ಕಾರೊಳಗೆ ಹತ್ತೇ ನಿಮಿಷಕ್ಕೆ ಹತ್ತು ಡಿಗ್ರಿಯಷ್ಟು ಬಿಸಿ ಏರಬಹುದು. ಆಡೋವಾಗ ತೆಳ್ಳಗಿನ ಹತ್ತಿ ಬನಿಯನ್ನನ್ನ ನೀರಲ್ಲಿ ಅದ್ದಿ ಹಿಂಡಿ ತೊಡಿಸಿ ಫ್ಯಾನ್ ಕೆಳಗೆ ಬಿಡಿ, ಬೆವರು ಮಾಡ್ಬೇಕಾದ ಕೆಲಸಾನ ಆ ಒದ್ದೆ ಬಟ್ಟೆ ಮಾಡತ್ತೆ, ಒಣಗಿದ ಹಾಗೆ ಮತ್ತೆ ಅದ್ದಿ. ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರ್ಸಿ, ಮಕ್ಕಳ ಡಾಕ್ಟರು ಜೆನೆಟಿಕ್ ಪರೀಕ್ಷೆ ಹೇಳಿದ್ರೆ ಮಾಡಿಸಿ.